8 ಜಿಬಿ ಸರ್ವರ್‌ನಲ್ಲೇ 600 ಮಕ್ಕಳ ಇಂಟರ್ನಲ್: ಮೂಡಲ್ ಹಗುರ ಮಾಡಿದ ಅನುಭವ

ಕಲಬುರಗಿಯ ನಮ್ಮ ಕಾಲೇಜಿನ ಮೂಡಲ್ (ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ತಂತ್ರಾಂಶ) ಈಗಲೂ ಹಳೆಯ ಸರ್ವರ್ ಮೇಲೇ ಓಡುತ್ತಿದೆ. 4 ಕೋರ್, 8 ಜಿಬಿ ಮೆಮೊರಿ, ತಿಂಗಳಿಗೆ ಹತ್ತಿರ ಹತ್ತಿರ 2,400 ರೂಪಾಯಿ. ಹೋದ ಇಂಟರ್ನಲ್ ಪರೀಕ್ಷೆಯಲ್ಲಿ 600ರ ಆಸುಪಾಸು ಮಕ್ಕಳು ಕ್ವಿಜ್ ಬರೆದರು. ಸಾಮಾನ್ಯ ಪುಟ ಎರಡು ಸೆಕೆಂಡಿನೊಳಗೆ ಬಂತು, ಕ್ವಿಜ್ ಶುರು ಮಾಡುವ ಬಟನ್‌ಗೆ ಮಾತ್ರ ನಾಲ್ಕೈದು ಸೆಕೆಂಡು ಹಿಡಿಯಿತು. ಅದಕ್ಕೂ ಹಿಂದಿನ ಇಂಟರ್ನಲ್‌ನಲ್ಲಿ ಇದೇ ಯಂತ್ರ 10 ಗಂಟೆಗೆ ಸರಿಯಾಗಿ ಮಲಗಿತ್ತು. ಚಿಂಚೋಳಿ, ಜೇವರ್ಗಿ ಕಡೆಯಿಂದ ಬರೆಯುತ್ತಿದ್ದವರು "ಗೋಲ್ ತಿರಗಲಾಕ ಹತ್ಯಾದ್ರಿ ಸರ್, ಪೇಜ್ ಬರವಲ್ದು" ಎಂದು ಸಾಲಾಗಿ ಮೆಸೇಜ್ ಹಾಕಿದ್ದರು. 32 ಜಿಬಿಗೆ ಹೋಗಲೇಬೇಕು ಎಂದು ಎಲ್ಲರೂ ಹೇಳಿದರು. ತಿಂಗಳಿಗೆ 13 ಸಾವಿರ ಚಿಲ್ಲರೆಯ ಕೊಟೇಶನ್ ಕೂಡ ಬಂದಿತ್ತು. ದೊಡ್ಡ ಯಂತ್ರ ಬೇಡ ಎಂಬ ನನ್ನ ಮಾತನ್ನು ಆಗ ಯಾರೂ ನಂಬಲಿಲ್ಲ.

ಮೊದಲ ಎಡವಟ್ಟು ಮೂಡಲ್‌ನ ಪುಟಗಳನ್ನು ತಯಾರಿಸುವ ಪಿಎಚ್‌ಪಿ-ಎಫ್‌ಪಿಎಂನದು. ಲಾಗ್‌ನಲ್ಲಿ 'ಮ್ಯಾಕ್ಸ್ ಚಿಲ್ಡ್ರನ್ ಮುಟ್ಟಿದೆ' ಎಂಬ ಎಚ್ಚರಿಕೆ ಕಂಡದ್ದೇ, ಒಟ್ಟಿಗೆ ಓಡಬಹುದಾದ ಪ್ರೊಸೆಸ್‌ಗಳ ಈ ಮಿತಿಯನ್ನು 150ಕ್ಕೆ ಏರಿಸಿದೆ. ನಮ್ಮಲ್ಲಿ ಒಂದೊಂದು ಪ್ರೊಸೆಸ್ 70-75 ಎಂಬಿ ತಿನ್ನುತ್ತದೆ. 150 ಆದರೆ 11 ಜಿಬಿ, ಇರುವುದು 8. ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಸ್ವಾಪ್ ಜಾಗವೂ ತುಂಬಿತು, ಓಎಸ್‌ನ ತಿರುಳಾದ ಕರ್ನಲ್ ಹೋಗಿ ನಮ್ಮ ಡೇಟಾಬೇಸ್ ಮರಿಯಾಡಿಬಿಯನ್ನೇ ಕೊಂದಿತು. ಈಗ ಲೆಕ್ಕ ಹೀಗಿದೆ: ಪಿಎಚ್‌ಪಿಗೆ 40 ಪ್ರೊಸೆಸ್, ಅಂದರೆ 3 ಜಿಬಿ. ಡೇಟಾಬೇಸ್ ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಇನೋಡಿಬಿ ಬಫರ್ ಪೂಲ್ 2.5 ಜಿಬಿ, ಕನೆಕ್ಷನ್‌ಗಳೂ ಸೇರಿದರೆ ಡೇಟಾಬೇಸ್‌ಗೆ 3. ಮೆಮೊರಿಯಲ್ಲೇ ಮಾಹಿತಿ ಇಡುವ ರೆಡಿಸ್‌ಗೆ (ಅದರ ಕತೆ ಮುಂದಿದೆ) ಅರ್ಧ ಜಿಬಿ. ಉಳಿದದ್ದು ಓಎಸ್‌ಗೆ. ಬಫರ್ ಪೂಲ್ ಅದುವರೆಗೆ ಡಿಫಾಲ್ಟ್ 128 ಎಂಬಿಯಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಪಿಎಚ್‌ಪಿ ಕೋಡನ್ನು ಮೆಮೊರಿಯಲ್ಲಿ ಸಿದ್ಧವಾಗಿಡುವ ಆಪ್‌ಕ್ಯಾಶ್‌ನಲ್ಲಿ ಫೈಲ್‌ಗಳ ಮಿತಿಯನ್ನೂ ಏರಿಸಿ. ಪ್ಲಗಿನ್ ಸೇರಿಸಿದಷ್ಟೂ ಮೂಡಲ್‌ನ ಪಿಎಚ್‌ಪಿ ಫೈಲ್‌ಗಳು ಡಿಫಾಲ್ಟ್ 10,000ವನ್ನು ದಾಟುತ್ತವೆ.

ಇಷ್ಟಾದರೂ 10 ಗಂಟೆಯ ಕಾಟ ಹೋಗಲಿಲ್ಲ. ನಿಧಾನವಾದ ಡೇಟಾಬೇಸ್ ಕ್ವೆರಿಗಳನ್ನು ದಾಖಲಿಸುವ ಸ್ಲೋ ಕ್ವೆರಿ ಲಾಗ್‌ನ ಮಿತಿ ಡಿಫಾಲ್ಟ್ 10 ಸೆಕೆಂಡು, ಅದನ್ನು 1ಕ್ಕೆ ಇಳಿಸಿ ಕಾದು ಕೂತೆ. ಆ ಕ್ಷಣ ನಡೆಯುತ್ತಿರುವ ಕ್ವೆರಿಗಳ ಪಟ್ಟಿಯಾದ ಪ್ರೊಸೆಸ್‌ಲಿಸ್ಟ್‌ನಲ್ಲಿ ಬರೆಯುವ ಕ್ವೆರಿಗಳೆಲ್ಲ ಲಾಕ್‌ಗಾಗಿ ಸಾಲುಗಟ್ಟಿ ನಿಂತಿದ್ದವು. ಅವನ್ನು ತಡೆದಿದ್ದು ಬ್ಯಾಕಪ್. ಬೆಳಗಿನ ಜಾವ 4:30ಕ್ಕೆ ಎಂದು, ಹೇಳಿದ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ಟ್ಯಾಬ್‌ನಲ್ಲಿ ಬರೆದಿದ್ದೇನೋ ನಿಜ, ಆದರೆ ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ). ಯುಟಿಸಿ 4:30 ಅಂದರೆ ನಮ್ಮಲ್ಲಿ ಬೆಳಿಗ್ಗೆ 10! ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ಗೆ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಡದಿದ್ದರೆ ಅದು ಡಂಪ್ ಮುಗಿಯುವ ತನಕ ಟೇಬಲ್‌ಗಳಿಗೆ ಬೀಗ ಹಾಕುತ್ತದೆ. ಓದಬಹುದು, ಬರೆಯಲಾಗದು. ಕ್ವಿಜ್ ಶುರು ಅಂದರೆ ಪೂರ್ತಿ ಬರೆಯುವ ಕೆಲಸ, ಪ್ರತಿ ಪ್ರಶ್ನೆಗೂ ಸಾಲುಗಳು ಸೇರುತ್ತವೆ. ಆ ಆಯ್ಕೆ ಸೇರಿಸಿ, ಸಮಯವನ್ನು ರಾತ್ರಿ 2:30ಕ್ಕೆ ಬದಲಿಸಿದೆ. ಖರ್ಚು ಸೊನ್ನೆ. 32 ಜಿಬಿ ಕೊಂಡಿದ್ದರೂ ಈ ಬೀಗ ಹಾಗೇ ಉಳಿಯುತ್ತಿತ್ತು.

ಆಮೇಲೆ ರೆಡಿಸ್. ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಎಂಬ ಮಾಹಿತಿ) ಡೇಟಾಬೇಸ್‌ನಲ್ಲಿತ್ತು, ಅದನ್ನು ರೆಡಿಸ್‌ಗೆ ಸಾಗಿಸಿ, ಮೂಡಲ್‌ನ ಅಪ್ಲಿಕೇಶನ್ ಕ್ಯಾಶ್ (ಮತ್ತೆ ಮತ್ತೆ ಬೇಕಾಗುವ ಮಾಹಿತಿಯ ಪ್ರತಿ) ಅನ್ನೂ ಅಲ್ಲೇ ಇಟ್ಟೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಟೆಸ್ಟ್ ನಡುವೆ ಕೆಲವರು ತಂತಾನೇ ಲಾಗೌಟ್ ಆಗತೊಡಗಿದರು. ಕ್ಯಾಶ್ ತುಂಬಿದಾಗ ಹಳೆಯದನ್ನು ಎಸೆಯುವ ಆಲ್‌ಕೀಸ್-ಎಲ್‌ಆರ್‌ಯು ಪಾಲಿಸಿ ಹಾಕಿದ್ದೆ, ಅದು ಮಕ್ಕಳ ಸೆಷನ್‌ಗಳನ್ನೂ ಎಸೆಯುತ್ತಿತ್ತು. ಡೇಟಾಬೇಸ್ ನಂಬರ್ ಸೊನ್ನೆ, ಒಂದು ಎಂದು ಬೇರೆ ಮಾಡಿ ನೋಡಿದೆ, ಪ್ರಯೋಜನವಿಲ್ಲ. ಮೆಮೊರಿ ಮಿತಿ ಇಡೀ ಇನ್‌ಸ್ಟನ್ಸ್‌ಗೆ, ಅಂದರೆ ಓಡುತ್ತಿರುವ ಒಂದು ರೆಡಿಸ್‌ಗೆ, ಒಂದೇ. ಎರಡು ಇನ್‌ಸ್ಟನ್ಸ್ ಬೇಕು: ಪೋರ್ಟ್ 6379ರಲ್ಲಿ ಕ್ಯಾಶ್, 6380ರಲ್ಲಿ ಸೆಷನ್. ಸೆಷನ್ ಕಡೆ ನೋಎವಿಕ್ಷನ್, ಅಂದರೆ ಏನನ್ನೂ ಎಸೆಯದ ಪಾಲಿಸಿ.

ನಕಲಿ ಬಳಕೆದಾರರಿಂದ ಸರ್ವರ್ ಮೇಲೆ ಭಾರ ಹಾಕಿ ನೋಡುವ ಜೆಮೀಟರ್ ಟೆಸ್ಟ್‌ನಲ್ಲಿ ನಾನು ಒಂದು ವಾರ ಕಳೆದೆ, ನೀವು ಕಳೆಯಬೇಡಿ. 300 ನಕಲಿ ಬಳಕೆದಾರರಿಗೆ ಒಂದೇ ಲಾಗಿನ್ ಕೊಟ್ಟಿದ್ದೆ. ಮೂಡಲ್ ಒಂದು ಸೆಷನ್‌ನಲ್ಲಿ ಒಂದು ಬಾರಿಗೆ ಒಂದೇ ಪುಟ ನಡೆಸುತ್ತದೆ, ಅದೇ ಸೆಷನ್‌ನ ಮಿಕ್ಕ ಪುಟಗಳು ಕಾಯುತ್ತವೆ. ಸ್ಕ್ರಿಪ್ಟ್‌ನಲ್ಲಿ ಕುಕಿ ಕೂಡ ಒಂದೇ ಇದ್ದುದರಿಂದ ಫಲಿತಾಂಶ ಪೂರ್ತಿ ಸುಳ್ಳು. ಸಿಎಸ್‌ವಿಯಲ್ಲಿ 300 ಹೆಸರು ಏರಿಸಿ, ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟ ಮೇಲೆ ನಿಜ ಗೊತ್ತಾಯಿತು. ಕಾಲೇಜಿನ ಲೈನ್‌ನಿಂದಲೂ ಓಡಿಸಬೇಡಿ, ಸರ್ವರ್‌ಗಿಂತ ಮೊದಲು ಲೈನೇ ಕಟ್ಟಿಕೊಳ್ಳುತ್ತದೆ. ಗಂಟೆ ಬಾಡಿಗೆಯ ಬೇರೊಂದು ಯಂತ್ರದಿಂದ ಓಡಿಸಿದೆ, ಎಲ್ಲ ಸೇರಿ 200 ರೂಪಾಯಿ ಆಗಿರಬೇಕು.

ಕ್ವಿಜ್ ಸೆಟ್ಟಿಂಗ್‌ನಲ್ಲೂ ಬಹಳ ಸಿಗುತ್ತದೆ. ಆಟೋಸೇವ್ ಒಂದು ನಿಮಿಷಕ್ಕೊಮ್ಮೆ ಇದ್ದರೆ 600 ಮಕ್ಕಳಿಂದ ಸೆಕೆಂಡಿಗೆ 10 ವಿನಂತಿ ಸುಮ್ಮನೆ ಬರುತ್ತವೆ. ಎರಡು ನಿಮಿಷ ಮಾಡಿದೆ, ಅರ್ಧಕ್ಕೆ ಇಳಿಯಿತು. ಪುಟಕ್ಕೆ ಒಂದೇ ಪ್ರಶ್ನೆ ಇಟ್ಟರೆ 30 ಪ್ರಶ್ನೆಗೆ 30 ಸಲ ಸಲ್ಲಿಕೆ, ಎಲ್ಲ ಒಂದೇ ಪುಟದಲ್ಲಿಟ್ಟರೆ ಕಡಿಮೆ ಬೆಲೆಯ ಫೋನ್ ತಡವರಿಸುತ್ತದೆ. ಪುಟಕ್ಕೆ ಐದು ನಮಗೆ ಹೊಂದಿತು. ಗುಂಪಿಗೊಂದು ಸಮಯ ಕೊಡುವ ಗ್ರೂಪ್ ಓವರ್‌ರೈಡ್ ಹಾಕಿ ನಾಲ್ಕು ಸೆಕ್ಷನ್‌ಗಳನ್ನು ಮೂರು ಮೂರು ನಿಮಿಷದ ಅಂತರದಲ್ಲಿ ಬಿಟ್ಟೆ. ಲಾಗಿನ್ 9:30ಕ್ಕೇ ಆಗಿರಬೇಕು ಎಂದು ತಾಕೀತು ಮಾಡಿ. ಪಾಸ್‌ವರ್ಡ್ ಹ್ಯಾಶ್ ತಾಳೆ ನೋಡುವುದು ಬೇಕೆಂದೇ ಸಿಪಿಯುಗೆ ಭಾರವಾಗಿ ಮಾಡಿರುವ ಕೆಲಸ, 600 ಲಾಗಿನ್ ಒಂದೇ ನಿಮಿಷಕ್ಕೆ ಬಿದ್ದರೆ ನಾಲ್ಕು ಕೋರ್ ಬಗ್ಗುತ್ತವೆ. ಸೆಕ್ಷನ್‌ಗಳ ಅಂತರವನ್ನು ಯಾವ ಲೆಕ್ಕದಲ್ಲಿ ಗೊತ್ತುಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ.

ಯಾರು ಏನು ಮಾಡಿದರೆಂದು ಮೂಡಲ್ ದಾಖಲಿಸುವ ಲಾಗ್ ಟೇಬಲ್ ಕೋಟಿ ಸಾಲು ದಾಟಿತ್ತು, 180 ದಿನಕ್ಕೆ ಮಿತಿ ಹಾಕಿದೆ. ಅಳಿಸಿದ ಮಾತ್ರಕ್ಕೆ ಡಿಸ್ಕ್ ಜಾಗ ವಾಪಸ್ ಬರದು. ಟೇಬಲನ್ನು ಹೊಸದಾಗಿ ಕಟ್ಟುವ ಆಪ್ಟಿಮೈಜ್ ಆದೇಶ ಓಡಿಸಬೇಕು, ಅದಕ್ಕೆ ಆ ಟೇಬಲ್‌ನ ಹೊಸ ಪ್ರತಿ ಹಿಡಿಸುವಷ್ಟು ಖಾಲಿ ಜಾಗ ಬೇಕು. ರಜೆಯಲ್ಲಿ ಮಾಡಿ.

ಚಿತ್ರಗಳದ್ದು ಇನ್ನೊಂದು ಗೋಳು. ಮೇಷ್ಟ್ರುಗಳು ಸರ್ಕ್ಯೂಟ್ ಚಿತ್ರವನ್ನು ಫೋನಿನಲ್ಲಿ ತೆಗೆದು ಹಾಗೇ ಏರಿಸುತ್ತಿದ್ದರು, ಒಂದೊಂದು 4 ಎಂಬಿ. ಇಂಥ ಹತ್ತು ಪ್ರಶ್ನೆಯ ಪೇಪರ್ ಅಂದರೆ ಒಬ್ಬ ವಿದ್ಯಾರ್ಥಿಗೆ 40 ಎಂಬಿ, ಅದೂ ಹಳ್ಳಿಯ ಸಿಗ್ನಲ್‌ನಲ್ಲಿ. 1,000 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ 100-120 ಕೆಬಿ, ರೆಸಿಸ್ಟರ್ ಮೇಲಿನ ಅಂಕಿ ಆಗಲೂ ಸ್ಪಷ್ಟ. 700ಕ್ಕೆ ಇಳಿಸಿದಾಗ ಅಂಕಿ ಕಲೆಸಿಹೋಯಿತು. ಫೈಲ್ ಕಳಿಸುವ ಕೆಲಸವನ್ನು ಎಕ್ಸ್-ಆಕ್ಸೆಲ್ ಸೌಲಭ್ಯದ ಮೂಲಕ ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್‌ಗೇ ಒಪ್ಪಿಸಿ, ಪಿಎಚ್‌ಪಿ ಪ್ರೊಸೆಸ್ ಬೇಗ ಬಿಡುವಾಗುತ್ತದೆ.

ನಡುವೆ ಒಂದು ಪ್ರಯೋಗ: ನೆಟ್ ಇಲ್ಲದ ಕಡೆಗೆಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಮೂಡಲ್‌ಬಾಕ್ಸ್ (ತನ್ನದೇ ವೈ-ಫೈ ಕೊಡುವ ಮೂಡಲ್) ಹಾಕಿದೆ. ಹದಿನೈದಿಪ್ಪತ್ತು ಫೋನ್ ದಾಟಿದ ಮೇಲೆ ಅದರ ವೈ-ಫೈ ಕೈಕೊಟ್ಟಿತು. ಬೇರೆ ಆಕ್ಸೆಸ್ ಪಾಯಿಂಟ್ ಜೋಡಿಸಿ ಮತ್ತೆ ನೋಡಬೇಕು.

ಅಸೈನ್‌ಮೆಂಟ್ ಅಪ್‌ಲೋಡ್‌ಗೆ ಮೂರು ಕಡೆ ಮಿತಿ ಏರಿಸಿ: ಎಂಜಿನ್‌ಎಕ್ಸ್‌ನ ಬಾಡಿ ಸೈಜ್, ಪಿಎಚ್‌ಪಿಯ ಪೋಸ್ಟ್ ಸೈಜ್, ಅಪ್‌ಲೋಡ್ ಸೈಜ್. ಎಂಜಿನ್‌ಎಕ್ಸ್ ಡಿಫಾಲ್ಟ್ 1 ಎಂಬಿ ಮಾತ್ರ, ಅದನ್ನು ಮರೆತರೆ 413 ದೋಷ (ಫೈಲ್ ತೀರಾ ದೊಡ್ಡದು ಎಂಬುದು) ಬರುತ್ತದೆ, ಮೂಡಲ್ ಲಾಗ್‌ನಲ್ಲಿ ಸುಳಿವೇ ಇರುವುದಿಲ್ಲ. ನಾನು 25 ಎಂಬಿ ಇಟ್ಟಿದ್ದೇನೆ.