ಹೇಳಿದ ಹೊತ್ತಿಗೆ ಕಂಪ್ಯೂಟರ್ ತಾನೇ ಕೆಲಸ ಮಾಡಬೇಕೆ? ಹೀಗೆ ಮಾಡಿ

ಪ್ರತಿದಿನ ರಾತ್ರಿ ಫೈಲುಗಳ ಬ್ಯಾಕಪ್ ಆಗಬೇಕು. ವಾರಕ್ಕೊಮ್ಮೆ ಹಳೆಯ ಲಾಗ್‌ಗಳನ್ನು, ಅಂದರೆ ಏನೇನು ನಡೆಯಿತು ಎಂದು ಕಂಪ್ಯೂಟರ್ ಬರೆದಿಟ್ಟ ಫೈಲುಗಳನ್ನು, ಅಳಿಸಬೇಕು. ನಾಳೆ ಸಂಜೆ ಐದಕ್ಕೆ, ಒಂದೇ ಒಂದು ಸಲ, ಸರ್ವರ್ ರೀಸ್ಟಾರ್ಟ್ ಆಗಬೇಕು. ಇವನ್ನೆಲ್ಲ ನೆನಪಿಟ್ಟುಕೊಂಡು ಕೈಯಾರೆ ಮಾಡುವವರು ಈಗಲೂ ಇದ್ದಾರೆ. ನಾಲ್ಕು ದಿನ ನೆನಪಿರುತ್ತದೆ, ಐದನೆಯ ದಿನ ಮರೆತುಹೋಗುತ್ತದೆ.

ಈ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸುವುದು ಕಷ್ಟವೇನಲ್ಲ. ಆದರೆ ಸಮಯ ಬರೆದಿಟ್ಟರೆ ಅರ್ಧ ಕೆಲಸ ಮಾತ್ರ ಆಯಿತು. ಅದು ನಿಜಕ್ಕೂ ನಡೆಯಿತೋ ಇಲ್ಲವೋ ಎಂದು ನಮಗೆ ಗೊತ್ತಾಗುವ ಹಾಗೆ ಮಾಡಿಕೊಳ್ಳುವುದು ಉಳಿದರ್ಧ. ಹಿಂದೆ ನಾನು ಕೆಲಸಕ್ಕಿದ್ದ ಒಂದು ಕಡೆ ಡೇಟಾಬೇಸಿನ ಬ್ಯಾಕಪ್ ರಾತ್ರಿ ಹೊತ್ತು ತಾನಾಗಿಯೇ ಆಗುತ್ತಿದೆ ಎಂದು ಎಲ್ಲರೂ ನಂಬಿದ್ದೆವು. ಅದಕ್ಕೆಂದು ಬರೆದಿದ್ದ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳ ಫೈಲ್, ಹೊತ್ತಿಗೆ ಸರಿಯಾಗಿ ಓಡುತ್ತಲೂ ಇತ್ತು. ಆದರೆ ಅದಕ್ಕೆ ಬೇಕಿದ್ದ ಒಂದು ಪ್ರೋಗ್ರಾಂ ಸಿಗದೆ, ಪ್ರತಿ ರಾತ್ರಿ ಸೊನ್ನೆ ಗಾತ್ರದ ಖಾಲಿ ಫೈಲ್ ಒಂದು ಹುಟ್ಟುತ್ತಿತ್ತು, ಅಷ್ಟೇ. ಗೊತ್ತಾಗಿದ್ದು ಹಳೆಯ ದಾಖಲೆ ಬೇಕೇಬೇಕು ಎಂದು ಹುಡುಕಿದ ದಿನ. ಆ ದಿನದ ಸಂಕಟ ಇನ್ನೂ ಮರೆತಿಲ್ಲ. ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ಸಮಯ ಹಾಕುವುದು ಹೇಗೆ ಎನ್ನುವುದರಷ್ಟೇ, ಎಲ್ಲಿ ಕೈಕೊಡುತ್ತದೆ ಎನ್ನುವುದೂ ಇದೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಮತ್ತೆ ಮತ್ತೆ ಆಗಬೇಕಾದ ಕೆಲಸ: ಕ್ರಾನ್

ಲಿನಕ್ಸ್ ಮತ್ತು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಳ ಜಗತ್ತಿನಲ್ಲಿ ಈ ಕೆಲಸಕ್ಕೆ ಹಳೆಯ ಹೆಸರು ಕ್ರಾನ್. 1979ರಲ್ಲಿ ಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲೇ ಇದು ಇತ್ತು. ಈಗ ಹೆಚ್ಚಿನ ಲಿನಕ್ಸ್‌ಗಳಲ್ಲಿ ಇರುವುದು ಪಾಲ್ ವಿಕ್ಸಿ 1987ರಲ್ಲಿ ಬರೆದ ಕ್ರಾನ್, ಅಥವಾ ಅದರಿಂದ ಬೆಳೆದದ್ದು. ಅದು ಮಾಡುವುದು ತುಂಬಾ ಸರಳ. ನಿಮಿಷಕ್ಕೊಮ್ಮೆ ಎಚ್ಚರವಾಗುತ್ತದೆ, ನೀವು ಬರೆದಿಟ್ಟ ಪಟ್ಟಿ ನೋಡುತ್ತದೆ, ಈ ನಿಮಿಷಕ್ಕೆ ಹೊಂದುವ ಸಾಲು ಇದ್ದರೆ ಅದನ್ನು ಓಡಿಸುತ್ತದೆ, ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ನಿಮಿಷಕ್ಕಿಂತ ಕಡಿಮೆ ಅಂತರದ ಕೆಲಸ ಅದರಿಂದ ಆಗುವುದಿಲ್ಲ ಏಕೆ ಎನ್ನುವುದು ಇದರಿಂದಲೇ ತಿಳಿಯುತ್ತದೆ, ಅಲ್ವಾ?

ಮೊದಲು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದು ‘ಕ್ರಾನ್‌ಟ್ಯಾಬ್ -ಇ’ (crontab -e) ಎಂದು ಕೊಡಿ. ಒಂದು ಎಡಿಟರ್ ತೆರೆದುಕೊಳ್ಳುತ್ತದೆ. ಅಲ್ಲಿ ಒಂದು ಕೆಲಸಕ್ಕೆ ಒಂದು ಸಾಲು. ಸಾಲಿನ ಶುರುವಿಗೆ ಸಮಯದ ಐದು ಮನೆಗಳು, ಆಮೇಲೆ ಓಡಬೇಕಾದ ಕಮಾಂಡ್. ಐದು ಮನೆಗಳು ಎಡದಿಂದ ಬಲಕ್ಕೆ ಹೀಗಿವೆ: ನಿಮಿಷ 0ರಿಂದ 59, ಗಂಟೆ 0ರಿಂದ 23, ತಾರೀಖು 1ರಿಂದ 31, ತಿಂಗಳು 1ರಿಂದ 12, ವಾರ 0ರಿಂದ 7. ವಾರದಲ್ಲಿ 0 ಅಂದರೂ ಭಾನುವಾರ, 7 ಅಂದರೂ ಭಾನುವಾರವೇ. ಯಾವ ಮನೆಯಲ್ಲಿ ನಕ್ಷತ್ರ ಹಾಕುತ್ತೀರೋ ಆ ಮನೆಗೆ ‘ಯಾವುದಾದರೂ ಆಗಬಹುದು’ ಎಂದರ್ಥ.

ಹಾಗಾದರೆ ದಿನಾ ರಾತ್ರಿ ಎರಡೂವರೆಗೆ ಓಡಬೇಕಾದರೆ:

30 2 * * *

ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಒಂಬತ್ತಕ್ಕೆ:

0 9 * * 1-5

ಪ್ರತಿ ಹದಿನೈದು ನಿಮಿಷಕ್ಕೆ:

*/15 * * * *

ಗಂಟೆಯ ಮನೆಯಲ್ಲಿ 8,14,20 ಎಂದು ಅಲ್ಪವಿರಾಮ ಹಾಕಿ ಬರೆದರೆ ಆ ಮೂರು ಹೊತ್ತಿಗೆ. ಇಷ್ಟು ಗೊತ್ತಿದ್ದರೆ ದಿನನಿತ್ಯದ ಬಹುಪಾಲು ಕೆಲಸಕ್ಕೆ ಸಾಕು.

ಈಗ ಎಡವುವ ಜಾಗಗಳು. ರಾತ್ರಿ ಎರಡು ಗಂಟೆಗೆ ಓಡಲಿ ಎಂದು * 2 * * * ಅಂತ ಬರೆಯುವವರು ತುಂಬಾ ಜನ. ನಿಮಿಷದ ಮನೆಯಲ್ಲಿ ನಕ್ಷತ್ರ ಇರುವುದರಿಂದ ಅದು 2:00ರಿಂದ 2:59ರ ತನಕ ನಿಮಿಷಕ್ಕೊಮ್ಮೆ, ಒಟ್ಟು ಅರವತ್ತು ಸಲ ಓಡುತ್ತದೆ. ಬ್ಯಾಕಪ್ ಅರವತ್ತು ಸಲ ಶುರುವಾದರೆ ಸರ್ವರ್ ಕಥೆ ಏನಾಗುತ್ತದೆ ಯೋಚಿಸಿ. ನಿಮಿಷದ ಮನೆಯಲ್ಲಿ 0 ಹಾಕಲು ಮರೆಯಬೇಡಿ.

*/7 ಎಂದರೆ ‘ಪ್ರತಿ ಏಳು ನಿಮಿಷಕ್ಕೆ’ ಎಂದು ಅನ್ನಿಸುತ್ತದೆ. ಪೂರ್ತಿ ಹಾಗಲ್ಲ. 0, 7, 14 ಹೀಗೆ 56ರವರೆಗೆ ಹೋಗಿ, ಗಂಟೆ ಬದಲಾದ ಕೂಡಲೇ ಮತ್ತೆ 0ಯಿಂದ ಶುರು. ಅಂದರೆ ಕೊನೆಯ ಅಂತರ ನಾಲ್ಕೇ ನಿಮಿಷ. 60ನ್ನು ಸಮನಾಗಿ ಭಾಗಿಸುವ 5, 10, 15, 20 ಇವನ್ನು ಬಳಸಿದರೆ ಈ ತೊಂದರೆ ಇಲ್ಲ.

ಇನ್ನೊಂದು ಬಹಳ ಜನರಿಗೆ ಗೊತ್ತಿಲ್ಲ. ತಾರೀಖು ಮತ್ತು ವಾರ ಎರಡೂ ಮನೆ ತುಂಬಿದರೆ ಕ್ರಾನ್ ಎರಡೂ ಕೂಡಿ ಬರಲಿ ಎಂದು ಕಾಯುವುದಿಲ್ಲ, ಯಾವುದಾದರೂ ಒಂದು ಹೊಂದಿದರೆ ಸಾಕು ಓಡಿಸಿಬಿಡುತ್ತದೆ. 0 6 13 * 5 ಎಂದು ಬರೆದರೆ ‘13ನೇ ತಾರೀಖು ಶುಕ್ರವಾರ ಬಂದಾಗ’ ಅಲ್ಲ. ಪ್ರತಿ 13ನೇ ತಾರೀಖಿಗೂ ಓಡುತ್ತದೆ, ಪ್ರತಿ ಶುಕ್ರವಾರವೂ ಓಡುತ್ತದೆ. ಹಾಗೆಯೇ ತಾರೀಖಿನಲ್ಲಿ 31 ಹಾಕಿದರೆ ಮೂವತ್ತೇ ದಿನದ ತಿಂಗಳುಗಳಲ್ಲಿ ಆ ಕೆಲಸ ನಡೆಯುವುದೇ ಇಲ್ಲ. ತಿಂಗಳ ಕೊನೆಯ ಲೆಕ್ಕ ಬೇಕಿದ್ದರೆ ಮುಂದಿನ ತಿಂಗಳ 1ಕ್ಕೆ ನಸುಕಿನಲ್ಲಿ ಓಡಿಸುವುದು ಸುಲಭದ ದಾರಿ.

ಕೈಯಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಓಡಲ್ಲ. ಏಕೆ?

ನಮ್ಮ ಆ ಖಾಲಿ ಬ್ಯಾಕಪ್ ಫೈಲಿನ ಮೂಲ ಇಲ್ಲೇ ಇತ್ತು. ನೀವು ಟರ್ಮಿನಲ್‌ನಲ್ಲಿ ಕೂತಾಗ ಯಾವ ಪ್ರೋಗ್ರಾಂ ಎಲ್ಲಿದೆ ಎಂದು ಹುಡುಕಲು ‘ಪಾತ್’ ಎಂಬ ಉದ್ದದ ಪಟ್ಟಿ ನಿಮ್ಮ ಜೊತೆ ಇರುತ್ತದೆ. ಕ್ರಾನ್ ಓಡಿಸುವಾಗ ಆ ಪಟ್ಟಿ ತುಂಬಾ ಚಿಕ್ಕದು, ಸಾಮಾನ್ಯವಾಗಿ ಎರಡೇ ಫೋಲ್ಡರ್. ನಿಮ್ಮ ಲಾಗಿನ್ ಸೆಟ್ಟಿಂಗ್ ಯಾವುದನ್ನೂ ಅದು ಓದುವುದಿಲ್ಲ. ಆದ್ದರಿಂದ ಪ್ರೋಗ್ರಾಂ ಇರಲಿ, ಸ್ಕ್ರಿಪ್ಟ್ ಇರಲಿ, ಅದು ಬರೆಯುವ ಫೈಲ್ ಇರಲಿ, ಎಲ್ಲಕ್ಕೂ / ಎಂಬ ಮೂಲ ಫೋಲ್ಡರಿನಿಂದ ಶುರುವಾಗುವ ಪೂರ್ತಿ ವಿಳಾಸ ಕೊಡಿ. ಪ್ರೋಗ್ರಾಂ ಎಲ್ಲಿದೆ ಎಂದು ‘ವಿಚ್’ (which) ಕಮಾಂಡ್ ಹೇಳುತ್ತದೆ. ಇದೊಂದನ್ನು ಪಾಲಿಸಿದರೆ ಅರ್ಧಕ್ಕಿಂತ ಜಾಸ್ತಿ ತಲೆನೋವು ಕಡಿಮೆ ಎಂದು ನನ್ನ ಅನುಭವ.

ಕ್ರಾನ್ ಸಾಲಿನಲ್ಲಿ ಶೇಕಡಾ ಚಿಹ್ನೆ % ಬಂದರೂ ಹುಷಾರು. ಅದನ್ನು ಕ್ರಾನ್ ಹೊಸ ಸಾಲು ಎಂದು ತಿಳಿಯುತ್ತದೆ, ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. ಫೈಲಿನ ಹೆಸರಿಗೆ ತಾರೀಖು ಸೇರಿಸುವಾಗ ಇದು ಕಾಡುತ್ತದೆ. ಚಿಹ್ನೆಗೆ ಮೊದಲು \ ಹಾಕಿ, ಅಥವಾ ಎಲ್ಲವನ್ನೂ ಒಂದು ಸ್ಕ್ರಿಪ್ಟ್ ಫೈಲಿನಲ್ಲಿ ಬರೆದು ಕ್ರಾನ್‌ನಲ್ಲಿ ಆ ಫೈಲಿನ ಹೆಸರು ಮಾತ್ರ ಕೊಡಿ. ನಾನು ಮಾಡುವುದು ಎರಡನೆಯದು.

ಆಮೇಲೆ, ಕೆಲಸ ಏನು ಹೇಳಿತು ಎನ್ನುವುದನ್ನು ಹಿಡಿದಿಡಬೇಕು. ಕ್ರಾನ್ ಆ ಮಾತನ್ನೆಲ್ಲ ಬಳಕೆದಾರರಿಗೆ ಮೇಲ್ ಕಳಿಸಲು ನೋಡುತ್ತದೆ, ಆದರೆ ಎಷ್ಟೋ ಯಂತ್ರಗಳಲ್ಲಿ ಮೇಲ್ ವ್ಯವಸ್ಥೆಯೇ ಇರುವುದಿಲ್ಲ, ಹಾಗಾಗಿ ದೋಷದ ಸಂದೇಶ ಯಾರಿಗೂ ಕಾಣದೆ ಹೋಗುತ್ತದೆ. ಸಾಲಿನ ಕೊನೆಗೆ >> ಹಾಕಿ, ಲಾಗ್ ಫೈಲಿನ ಪೂರ್ತಿ ವಿಳಾಸ ಬರೆದು, ಅದಾದ ಮೇಲೆ 2>&1 ಸೇರಿಸಿ. ಆಗ ಮಾಮೂಲಿ ಮಾತೂ ದೋಷದ ಮಾತೂ ಒಂದೇ ಫೈಲಿಗೆ ಬಂದು ಬೀಳುತ್ತವೆ. ಕೆಲವರು ಸುಮ್ನೆ ಗಲಾಟೆ ಬೇಡ ಎಂದು ಎಲ್ಲವನ್ನೂ ‘ನಲ್’ ಎಂಬ ಶೂನ್ಯಕ್ಕೆ ಎಸೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬರೆದ ಮೇಲೆ ರಾತ್ರಿಯವರೆಗೆ ಕಾಯಬೇಡಿ. ಈಗಿನ ಸಮಯಕ್ಕಿಂತ ಮೂರು ನಿಮಿಷ ಮುಂದಿನದನ್ನು ಹಾಕಿ, ಕೂತು ನೋಡಿ, ಲಾಗ್ ತೆರೆದು ಓದಿ, ಸರಿಯಿದ್ದರೆ ಆಮೇಲೆ ನಿಜವಾದ ಸಮಯಕ್ಕೆ ಬದಲಿಸಿ. ಪಟ್ಟಿ ನೋಡಲು ‘ಕ್ರಾನ್‌ಟ್ಯಾಬ್ -ಎಲ್’. ‘ಕ್ರಾನ್‌ಟ್ಯಾಬ್ -ಆರ್’ ಕೊಟ್ಟರೆ ಇಡೀ ಪಟ್ಟಿ, ಒಂದು ಮಾತೂ ಕೇಳದೆ ಅಳಿಸಿಹೋಗುತ್ತದೆ. ಕೀಬೋರ್ಡಿನಲ್ಲಿ ಇ ಮತ್ತು ಆರ್ ಅಕ್ಕಪಕ್ಕದಲ್ಲೇ ಇವೆ. ಆದ್ದರಿಂದ ಪಟ್ಟಿಯ ಒಂದು ಪ್ರತಿಯನ್ನು ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ.

ಐದು ನಿಮಿಷಕ್ಕೊಮ್ಮೆ ಓಡುವ ಕೆಲಸ ಒಂದು ದಿನ ಎಂಟು ನಿಮಿಷ ಹಿಡಿದರೆ? ಮೊದಲನೆಯದು ಮುಗಿಯುವ ಮುಂಚೆ ಎರಡನೆಯದು ಶುರುವಾಗುತ್ತದೆ. ಎರಡೂ ಒಂದೇ ಫೈಲಿಗೆ ಬರೆಯಲು ಹೋಗಿ ಗೊಂದಲವಾಗುತ್ತದೆ. ಕಮಾಂಡಿಗೆ ಮೊದಲು ‘ಎಫ್‌ಲಾಕ್ -ಎನ್’ ಮತ್ತು ಒಂದು ಬೀಗದ ಫೈಲಿನ ಹೆಸರು ಸೇರಿಸಿದರೆ, ಹಳೆಯದು ಇನ್ನೂ ಓಡುತ್ತಿರುವಾಗ ಹೊಸದು ಹಾಗೇ ಹಿಂದಿರುಗುತ್ತದೆ.

ಒಂದೇ ಸಲ ಆಗಬೇಕಾದ ಕೆಲಸ: ಆ್ಯಟ್

ಒಂದು ಸಲದ ಕೆಲಸವನ್ನು ಕ್ರಾನ್‌ಗೆ ಕೊಡಬೇಡಿ. ಕ್ರಾನ್‌ನಲ್ಲಿ ವರ್ಷದ ಮನೆಯೇ ಇಲ್ಲ. ಇವತ್ತಿನ ತಾರೀಖು, ತಿಂಗಳು ಹಾಕಿ ಬರೆದ ಸಾಲನ್ನು ತೆಗೆಯಲು ಮರೆತರೆ, ಬರುವ ವರ್ಷ ಅದೇ ದಿನ ಅದೇ ಕೆಲಸ ಮತ್ತೆ ನಡೆಯುತ್ತದೆ. ಅದು ಏನನ್ನಾದರೂ ಅಳಿಸುವ ಕೆಲಸವಾಗಿದ್ದರೆ ಗತಿಯೇನು?

ಇದಕ್ಕೆಂದೇ ‘ಆ್ಯಟ್’ ಇದೆ. ‘ಆ್ಯಟ್ 17:00 ಟುಮಾರೋ’ ಎಂದು ಕೊಟ್ಟು ಎಂಟರ್ ಒತ್ತಿ, ಕಮಾಂಡ್ ಟೈಪ್ ಮಾಡಿ, ಹೊಸ ಸಾಲಿನಲ್ಲಿ ಕಂಟ್ರೋಲ್ ಜೊತೆ ಡಿ ಒತ್ತಿದರೆ ಮುಗಿಯಿತು. ‘ಆ್ಯಟ್ ನೌ + 20 ಮಿನಿಟ್ಸ್’ ಎಂದರೂ ತಿಳಿಯುತ್ತದೆ. ನೂನ್, ಮಿಡ್‌ನೈಟ್ ಎಂಬ ಮಾತುಗಳೂ ಗೊತ್ತು, ಟೀಟೈಮ್ ಎಂದರೆ ಸಂಜೆ ನಾಲ್ಕು ಗಂಟೆ! ಕ್ರಾನ್‌ನಂತಲ್ಲದೆ ಇದು ನೀವು ಆಗ ಇದ್ದ ಫೋಲ್ಡರನ್ನೂ ನಿಮ್ಮ ಸೆಟ್ಟಿಂಗ್‌ಗಳ ಬಹುಪಾಲನ್ನೂ ನೆನಪಿಟ್ಟುಕೊಳ್ಳುತ್ತದೆ. ಕಾಯುತ್ತಿರುವ ಕೆಲಸಗಳ ಪಟ್ಟಿಗೆ ‘ಎಟಿಕ್ಯೂ’, ಬೇಡವಾದದ್ದನ್ನು ತೆಗೆಯಲು ‘ಎಟಿಆರ್‌ಎಂ’ ಮತ್ತು ಕೆಲಸದ ನಂಬರ್. ಕೆಲವು ಯಂತ್ರಗಳಲ್ಲಿ ಆ್ಯಟ್ ಮೊದಲೇ ಇರುವುದಿಲ್ಲ, ಹಾಕಿಕೊಳ್ಳಬೇಕು.

ಆ ಹೊತ್ತಿಗೆ ಯಂತ್ರ ಆಫ್ ಆಗಿದ್ದರೆ

ಸರ್ವರ್ ಯಾವಾಗಲೂ ಆನ್ ಇರುತ್ತದೆ, ಲ್ಯಾಪ್‌ಟಾಪ್ ಹಾಗಲ್ಲ. ರಾತ್ರಿ ಎರಡೂವರೆಗೆ ಮುಚ್ಚಿಟ್ಟ ಲ್ಯಾಪ್‌ಟಾಪ್‌ನಲ್ಲಿ ಕ್ರಾನ್ ಏನೂ ಮಾಡಲಾರದು, ಬೆಳಗ್ಗೆ ಆನ್ ಮಾಡಿದಾಗ ತಪ್ಪಿದ್ದನ್ನು ನೆನೆದು ಮಾಡುವುದೂ ಇಲ್ಲ. ದಿನಕ್ಕೊಮ್ಮೆ, ವಾರಕ್ಕೊಮ್ಮೆ ಆದರೆ ಸಾಕು, ಇಂಥದ್ದೇ ಹೊತ್ತು ಎಂದಿಲ್ಲ ಎನ್ನುವ ಕೆಲಸಕ್ಕೆ ಅನಾಕ್ರಾನ್ ಒಳ್ಳೆಯದು. ಅದು ಕೊನೆಯ ಸಲ ಯಾವ ದಿನ ಓಡಿತು ಎಂದು ಬರೆದಿಟ್ಟುಕೊಂಡು, ಬಾಕಿ ಇದ್ದರೆ ಯಂತ್ರ ಆನ್ ಆದ ಮೇಲೆ ಮುಗಿಸುತ್ತದೆ. ಯಂತ್ರದ ಸೇವೆಗಳನ್ನು ಶುರು ಮಾಡಿ ನಡೆಸುವ ಸಿಸ್ಟಮ್‌ಡಿ ಇರುವ ಲಿನಕ್ಸ್‌ನಲ್ಲಾದರೆ ಟೈಮರ್ ಮಾಡಬಹುದು. ಇದಕ್ಕೆ ಎರಡು ಫೈಲ್ ಬರೆಯಬೇಕು, ಒಂದರಲ್ಲಿ ಏನು ಮಾಡಬೇಕು, ಇನ್ನೊಂದರಲ್ಲಿ ಯಾವಾಗ. ಟೈಮರ್ ಫೈಲಿನಲ್ಲಿ ‘ಪರ್ಸಿಸ್ಟೆಂಟ್’ ಎನ್ನುವುದನ್ನು ಟ್ರೂ ಮಾಡಿದರೆ (Persistent=true), ಆಫ್ ಇದ್ದಾಗ ತಪ್ಪಿದ್ದು ಆಮೇಲೆ ಓಡುತ್ತದೆ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್’ ಕೊಟ್ಟರೆ ಹಿಂದಿನ ಸಲ ಯಾವಾಗ ಓಡಿತು, ಮುಂದೆ ಯಾವಾಗ ಎಂದು ಸಾಲಾಗಿ ತೋರಿಸುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ, ಬರೆಯುವುದು ಸ್ವಲ್ಪ ಜಾಸ್ತಿಯಾದರೂ ಆಮೇಲೆ ನೆಮ್ಮದಿ.

ವಿಂಡೋಸ್‌ನಲ್ಲಿ

ಸ್ಟಾರ್ಟ್ ಒತ್ತಿ ‘ಟಾಸ್ಕ್ ಶೆಡ್ಯೂಲರ್’ ಎಂದು ಹುಡುಕಿ ತೆರೆಯಿರಿ. ಬಲಗಡೆ ‘ಕ್ರಿಯೇಟ್ ಟಾಸ್ಕ್’ ಆರಿಸಿ. ‘ಬೇಸಿಕ್ ಟಾಸ್ಕ್’ ಸುಲಭ ಅನ್ನಿಸಿದರೂ ಮುಖ್ಯವಾದ ಆಯ್ಕೆಗಳು ಅದರಲ್ಲಿ ಕಾಣಿಸುವುದಿಲ್ಲ. ಟ್ರಿಗರ್ಸ್‌ನಲ್ಲಿ ಸಮಯ ಹಾಕಿ, ಒಂದೇ ಸಲವಾದರೆ ಒನ್ ಟೈಮ್, ಇಲ್ಲವಾದರೆ ಡೈಲಿ, ವೀಕ್ಲಿ, ಮಂತ್ಲಿ. ಆ್ಯಕ್ಷನ್ಸ್‌ನಲ್ಲಿ ಪ್ರೋಗ್ರಾಂ ಕೊಡಿ, ಅಲ್ಲೇ ಕೆಳಗಿರುವ ‘ಸ್ಟಾರ್ಟ್ ಇನ್’ ಖಾಲಿ ಬಿಡದೆ ಸ್ಕ್ರಿಪ್ಟ್ ಇರುವ ಫೋಲ್ಡರ್ ಬರೆಯಿರಿ.

ಆಮೇಲೆ ಮೂರು ಕಡೆ ನೋಡಲೇಬೇಕು. ಜನರಲ್‌ನಲ್ಲಿ, ನೀವು ಲಾಗಿನ್ ಆಗಿದ್ದರೆ ಮಾತ್ರ ಓಡಲಿ ಎಂದು ಮೊದಲೇ ಆಯ್ಕೆಯಾಗಿರುತ್ತದೆ, ಬೇಕಿದ್ದರೆ ಬದಲಿಸಿ. ಕಂಡಿಷನ್ಸ್‌ನಲ್ಲಿ, ಚಾರ್ಜರ್‌ಗೆ ಹಾಕಿದ್ದರೆ ಮಾತ್ರ ಶುರುವಾಗಲಿ ಎನ್ನುವುದಕ್ಕೆ ಟಿಕ್ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಎಷ್ಟೋ ಕೆಲಸ ನಡೆಯದಿರುವುದು ಇದೊಂದರಿಂದಲೇ. ಸೆಟ್ಟಿಂಗ್ಸ್‌ನಲ್ಲಿ, ಸಮಯ ತಪ್ಪಿದರೆ ಆದಷ್ಟು ಬೇಗ ಓಡಿಸು ಎನ್ನುವ ಆಯ್ಕೆಗೆ ನೀವೇ ಟಿಕ್ ಹಾಕಬೇಕು. ಉಳಿಸಿದ ಮೇಲೆ ಕೆಲಸದ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್’ ಕೊಟ್ಟು ಪರೀಕ್ಷಿಸಿ. ‘ಲಾಸ್ಟ್ ರನ್ ರಿಸಲ್ಟ್’ನಲ್ಲಿ 0x0 ಬಂದರೆ ಪ್ರೋಗ್ರಾಂ ದೋಷ ಹೇಳದೆ ಮುಗಿದಿದೆ ಎಂದರ್ಥ.

ಎಲ್ಲ ಕಡೆಯೂ ಗಡಿಯಾರ ಒಮ್ಮೆ ನೋಡಿಕೊಳ್ಳಿ. ಬಾಡಿಗೆ ಸರ್ವರ್‌ಗಳು ಬಹಳಷ್ಟು ಸಲ ಯುಟಿಸಿ ಎಂಬ ಜಾಗತಿಕ ಮಾನಕ ಸಮಯದಲ್ಲಿ ಓಡುತ್ತಿರುತ್ತವೆ, ನಿಮ್ಮ ನಡುರಾತ್ರಿ ಅದರ ನಡುರಾತ್ರಿ ಆಗಿರಬೇಕಿಲ್ಲ. ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಾದರೆ, ಬದಲಾಗುವ ರಾತ್ರಿ ಒಂದು ಗಂಟೆ ಇಲ್ಲವಾಗುತ್ತದೆ ಅಥವಾ ಎರಡು ಸಲ ಬರುತ್ತದೆ. ಮುಖ್ಯವಾದ ಕೆಲಸವನ್ನು ಆ ಹೊತ್ತಿಗೆ ಇಡದಿದ್ದರೆ ಒಳ್ಳೆಯದು.

ಕೊನೆಯದಾಗಿ, ಆ ಖಾಲಿ ಫೈಲಿನ ಪ್ರಕರಣ ಆದ ಮೇಲೆ ನಾವು ಮಾಡಿದ್ದು. ಬ್ಯಾಕಪ್ ಸ್ಕ್ರಿಪ್ಟ್ ಮುಗಿಯುವಾಗ ಫೈಲಿನ ಗಾತ್ರ ನೋಡಿ, ಸರಿಯಿದ್ದರೆ ಮಾತ್ರ ‘ಆಯಿತು’ ಎಂಬ ಚಿಕ್ಕ ಫೈಲಿಗೆ ಆ ದಿನದ ಸಮಯ ಬರೆಯುತ್ತದೆ. ಬೇರೊಂದು ಯಂತ್ರದಲ್ಲಿ ದಿನಾ ಬೆಳಗ್ಗೆ ಏಳಕ್ಕೆ ಇನ್ನೊಂದು ಕೆಲಸ ಎದ್ದು, ಆ ಚಿಕ್ಕ ಫೈಲ್ ಹೊಸದಾಗಿದೆಯಾ ಎಂದು ನೋಡುತ್ತದೆ. 26 ಗಂಟೆಗಿಂತ ಹಳೆಯದಾಗಿದ್ದರೆ ನಮ್ಮೆಲ್ಲರಿಗೂ ಮೆಸೇಜ್ ಬರುತ್ತದೆ. ಜೊತೆಗೆ ತಿಂಗಳಿಗೊಮ್ಮೆ ಒಬ್ಬರು ಕೂತು, ಒಂದು ಬ್ಯಾಕಪ್ಪನ್ನು ನಿಜವಾಗಿಯೂ ತೆರೆದು, ಒಳಗಿನ ದಾಖಲೆ ಓದಿ ನೋಡುತ್ತಾರೆ. ಅದಕ್ಕೆ ಕ್ರಾನ್ ಇಲ್ಲ, ಕೈಯಾರೆ ಮಾಡುತ್ತೇವೆ.