ರೋಬೋ ಮೋವರ್‌ನ ಬ್ಲೇಡು ಎಸೆಯುವ ಮುಂಚೆ ಒಮ್ಮೆ ಮಗುಚಿ ಹಾಕಿ

ತಾನಾಗಿಯೇ ಓಡಾಡಿ ಹುಲ್ಲು ಕತ್ತರಿಸುವ ರೋಬೋ ಲಾನ್ ಮೋವರ್ ಓಡಾಡಿದ ಮರುದಿನ ಹುಲ್ಲಿನ ತುದಿ ನಾರುನಾರಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಬ್ಲೇಡು ಮೊಂಡಾಗಿ ಹುಲ್ಲನ್ನು ಹರಿಯುತ್ತಿದೆ ಅಂತ ಅರ್ಥ. ಹೊಸದು ತರಿಸುವ ಮುಂಚೆ ಹಳೆಯದನ್ನೇ ಬಿಚ್ಚಿ ಮಗುಚಿ ಹಾಕಿ. ಯಂತ್ರದ ಅಡಿಯಲ್ಲಿ ತಿರುಗುವ ಡಿಸ್ಕಿಗೆ ಸ್ಕ್ರೂನಲ್ಲಿ ತಗುಲಿಸಿರುವ ಆ ಚಿಕ್ಕ ಬ್ಲೇಡುಗಳಿಗೆ ಸಾಮಾನ್ಯವಾಗಿ ಎರಡೂ ಅಂಚು ಹರಿತ. ಡಿಸ್ಕು ಒಂದೇ ದಿಕ್ಕಿಗೆ ತಿರುಗುವ ಯಂತ್ರದಲ್ಲಿ ಮುಂದಿನ ಅಂಚು ಮಾತ್ರ ಸವೆಯುತ್ತೆ, ಮಗುಚಿದರೆ ಹಿಂದಿನದು ಮುಂದೆ ಬರುತ್ತೆ. ಮೇನ್ ಸ್ವಿಚ್ಚೇ ಆಫ್ ಮಾಡಿ, ದಪ್ಪ ಗ್ಲೌಸ್ ಹಾಕಿಕೊಂಡು, ಯಂತ್ರವನ್ನು ಮೆತ್ತನೆಯ ಬಟ್ಟೆ ಮೇಲೆ ಬೋರಲು ಹಾಕಿ. ಸ್ಕ್ರೂ ಬಿಚ್ಚಿದಾಗ ಅದರ ಕತ್ತು ನೋಡಿ: ಬ್ಲೇಡು ಉಜ್ಜಿ ಉಜ್ಜಿ ಅಲ್ಲಿ ಸಣ್ಣ ಗೆರೆ ಬಿದ್ದಿದ್ದರೂ ಸ್ಕ್ರೂ ಹೊಸದೇ ಹಾಕಿ. ಇದರಲ್ಲಿ ಜಿಪುಣತನ ಖಂಡಿತ ಬೇಡ, ಸ್ಕ್ರೂ ತಲೆ ಮುರಿದರೆ ಬ್ಲೇಡು ಹಾರುತ್ತೆ. ಬಿಗಿ ಮಾಡಿದ ಮೇಲೂ ಬ್ಲೇಡು ಬೆರಳಲ್ಲಿ ತಳ್ಳಿದರೆ ಸರಾಗ ತಿರುಗಬೇಕು. ಸಿಕ್ಕಿಕೊಂಡರೆ ಸ್ಕ್ರೂ ಸುತ್ತ ಅಂಟಿದ ಒಣ ಹುಲ್ಲನ್ನು ಬ್ರಶ್‌ನಿಂದ ತೆಗೆಯಿರಿ. ಡಿಸ್ಕು ದಿಕ್ಕು ಬದಲಿಸುತ್ತಾ ತಿರುಗುವ ಮಾಡೆಲ್‌ಗಳಲ್ಲಿ ಎರಡೂ ಅಂಚು ಸಮವಾಗಿ ಸವೆದಿರುತ್ತೆ, ಅಲ್ಲಿ ಈ ಉಪಾಯ ನಡೆಯಲ್ಲ. ಕಲ್ಲಿಗೆ ತಾಗಿ ಕಚ್ಚು ಬಿದ್ದ, ಬಾಗಿದ ಬ್ಲೇಡಿಗೂ ಅಷ್ಟೇ. ಸಾಣೆ ಹಿಡಿಯಲು ಹೋಗಬೇಡಿ, ತೂಕ ಹೆಚ್ಚುಕಮ್ಮಿಯಾಗಿ ಡಿಸ್ಕು ಅದುರುತ್ತೆ. ಬದಲಿಸುವುದಾದರೆ ಎಲ್ಲ ಬ್ಲೇಡುಗಳನ್ನೂ ಒಟ್ಟಿಗೇ ಬದಲಿಸಿ. ತುದಿಯಷ್ಟೇ ಅಲ್ಲದೆ ಬುಡದವರೆಗೆ ಅಲ್ಲಲ್ಲಿ ತೇಪೆಯಂತೆ ಹುಲ್ಲು ಕಂದಾಗಿದ್ದರೆ ಅದು ಬ್ಲೇಡಿನ ತೊಂದರೆಯಲ್ಲ, ನೀರು ಅಥವಾ ಶಿಲೀಂಧ್ರದ ಕಡೆ ಗಮನ ಕೊಡಿ.