ಟವರ್ ಬರುವ ಮೊದಲೇ 5ಜಿ ಫೋನ್ ಕೊಂಡ ನನ್ನ ಅನುಭವ

ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಎರಡು ಗುಡ್ಡಗಳ ನಡುವಿನ ಅಡಿಕೆ ತೋಟದ ಮೇಲ್ಭಾಗದಲ್ಲಿ ನಮ್ಮ ಮನೆಯಿದೆ. 4ಜಿಯೇ ಸರಿಯಾಗಿ ಸಿಗದ ಜಾಗದಲ್ಲಿ ನಾನು 5ಜಿ ಫೋನಿಗೆ ದುಡ್ಡು ಹಾಕಿದಾಗ, ಟವರ್ ಬಂದ ಮೇಲೆ ಕೊಂಡರೆ ಆಗುತ್ತಿರಲಿಲ್ಲವೇ ಎಂದು ಕೇಳದವರಿಲ್ಲ. ಮೊದಲ ಸಲ ಅವರ ಮಾತೇ ನಿಜವಾಯಿತು.

2021ರಲ್ಲಿ ಸುಮಾರು 24 ಸಾವಿರ ಕೊಟ್ಟು ತಂದ ಫೋನಿನಲ್ಲಿ 5ಜಿಗೆ ಇದ್ದದ್ದು ಎನ್78 ಎಂಬ ಬ್ಯಾಂಡ್, ಅಂದರೆ ತರಂಗಾಂತರದ ಪಟ್ಟಿ, ಒಂದೇ. 3300 ಮೆಗಾಹರ್ಟ್ಸ್‌ನ ಆ ತರಂಗ ಪೇಟೆಗೆ ಸರಿ. ಗುಡ್ಡ ದಾಟಿ, ತೋಟ ಹೊಕ್ಕು, ದಪ್ಪ ಮಣ್ಣಿನ ಗೋಡೆಯ ಒಳಗೆ ಬರುವಂಥದ್ದಲ್ಲ. ಬಾಕ್ಸಿನ ಮೇಲೆ 5ಜಿ ಎಂದು ಬರೆದದ್ದನ್ನು ನಂಬಿದ್ದೆ, ಮಾದರಿ ಸಂಖ್ಯೆ ಹಿಡಿದು ಬ್ಯಾಂಡ್ ಪಟ್ಟಿ ನೋಡಿರಲಿಲ್ಲ. ಅದನ್ನು ಪಕ್ಕದ ಮನೆಯವರಿಗೆ ಮಾರಿದಾಗ ಕೈಗೆ ಬಂದದ್ದು ಒಂಬತ್ತು ಸಾವಿರ. ಹೋದ ಹದಿನೈದು ಸಾವಿರ ಆ ವರ್ಷ ಅಡಿಕೆಯ ಕೊನೆಕೊಯ್ಲಿನ ಕೂಲಿಗೆ ಬೇಕಿದ್ದ ಹಣ.

2022ರ ಆಗಸ್ಟ್ 1ರಂದು ತರಂಗಾಂತರದ ಹರಾಜು ಮುಗಿದು, 700 ಮೆಗಾಹರ್ಟ್ಸನ್ನು ಜಿಯೋ ಮಾತ್ರ ಕೊಂಡಿದೆ ಎಂದು ತಿಳಿದಾಗ ನನ್ನ ಲೆಕ್ಕ ಬದಲಾಯಿತು. ಮೆಗಾಹರ್ಟ್ಸ್ ಕಡಿಮೆಯಾದಷ್ಟೂ ತರಂಗ ದೂರ ಸಾಗುತ್ತದೆ, ಗೋಡೆಯೊಳಗೂ ಹೊಗುತ್ತದೆ. ನಮ್ಮಂಥ ಕಣಿವೆಗೆ 5ಜಿ ಬಂದರೆ ಅದರಲ್ಲೇ ಬರಬೇಕು. ಹಾಗಾದರೆ ಫೋನಿನಲ್ಲಿ ಆ 700ರ ಬ್ಯಾಂಡ್ ಆದ ಎನ್28 ಇರಬೇಕು, 4ಜಿಯ ಆಸರೆಯಿಲ್ಲದೆ ನಡೆಯುವ ಎಸ್‌ಎ ವ್ಯವಸ್ಥೆ ಇರಬೇಕು, ಅಲ್ಲಿಯವರೆಗೆ ದಿನ ದೂಡಲು 4ಜಿಯಲ್ಲಿ 850 ಮೆಗಾಹರ್ಟ್ಸ್‌ನ ಬ್ಯಾಂಡ್ 5 ಇರಲೇಬೇಕು. ಅಕ್ಟೋಬರ್ 1ಕ್ಕೆ ದೇಶದಲ್ಲಿ ಸೇವೆ ಆರಂಭವಾಯಿತು. ದೀಪಾವಳಿಯ ಹೊತ್ತಿಗೆ ಮನೆಗೆ ಮೂರು ಫೋನ್ ತಂದೆ, ತಲಾ ಹದಿನಾರು ಸಾವಿರದ ಆಸುಪಾಸು.

ಕೊಳ್ಳುವ ಮೊದಲು ಅವುಗಳಲ್ಲೊಂದರ ಮಾದರಿಯನ್ನೇ ಭಾವನಿಂದ ಎರಡು ದಿನ ಕಡ ತಂದು ಅಳೆದಿದ್ದೆ. 4ಜಿ ಸಿಗ್ನಲ್ ಜಗಲಿಯಲ್ಲಿ ಮೈನಸ್ 117 ಡಿಬಿಎಂ, ಮೆತ್ತಿನ (ಮಹಡಿಯ) ಕಿಟಕಿಯಲ್ಲಿ ಮೈನಸ್ 106 ಇತ್ತು. ಈ ಅಂಕ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾದದ್ದು. ಆಮೇಲೆ ಮಳೆಗಾಲದಲ್ಲಿ ತೋಟ ತೊಯ್ದಿದ್ದಾಗ ಮತ್ತೆ ಅಳೆದರೆ ನಾಲ್ಕೈದು ಅಂಕ ಕೆಳಗಿಳಿಯುತ್ತಿತ್ತು. ಫೋನಿನ ಹಿಂದೆ ತಗಡು ನಿಲ್ಲಿಸಿಯೂ ನೋಡಿದೆ. ಒಂದು ವಾರದ ಆ ಪ್ರಯೋಗದಿಂದ ಏನೂ ಸಿಗಲಿಲ್ಲ.

ಬ್ಯಾಟರಿಯ ಪೆಟ್ಟು ಮಾತ್ರ ನಾನು ಎಣಿಸಿರಲಿಲ್ಲ. ಇಲ್ಲದ 5ಜಿಯನ್ನು ಹುಡುಕುತ್ತ ಸಂಜೆಯೊಳಗೆ ಚಾರ್ಜ್ ಇಪ್ಪತ್ತಕ್ಕೆ ಇಳಿಯುತ್ತಿತ್ತು. ಮೂರನ್ನೂ 4ಜಿಗೇ ಸೀಮಿತಗೊಳಿಸಿದ ಮೇಲೆ ರಾತ್ರಿಯವರೆಗೆ ಬಂತು. ಒಂದಕ್ಕೆ 5ಜಿ ತೆರೆಯುವ ಅಪ್‌ಡೇಟ್ ತಿಂಗಳುಗಟ್ಟಲೆ ತಡವಾಯಿತಾದರೂ, ಟವರೇ ಇಲ್ಲದ ನಮಗೆ ಅದರಿಂದ ನಷ್ಟವಾಗಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಸೆಟ್ಟಿಂಗ್ ಬದಲಿಸಿದಾಗ ಜಗಲಿಯಲ್ಲೇ 5ಜಿ ಕಾಣಿಸಿತು. ವೇಗ ಮೂವತ್ತೈದು ಎಂಬಿಪಿಎಸ್ ಇದ್ದಿರಬೇಕು. ಪೇಟೆಯವರಿಗೆ ಅದು ಸಣ್ಣದು, ಗುಡ್ಡ ಹತ್ತಿ ಮಗಳ ಆನ್‌ಲೈನ್ ಪಾಠ ಕೇಳಿಸಿದ್ದ ನನಗೆ ಸಣ್ಣದಲ್ಲ. ಪಕ್ಕದ ಮನೆಯವರನ್ನು ಕರೆದು, ನನ್ನದೇ ಸಿಮ್ಮನ್ನು ಆ ಹಳೆಯ 24 ಸಾವಿರದ ಫೋನಿಗೆ ಹಾಕಿ ಅದೇ ಜಗಲಿಯ ಮೇಲೆ ಇಟ್ಟು ನೋಡಿದೆವು. ಅದರಲ್ಲಿ 4ಜಿಯ ಒಂದೇ ಕಡ್ಡಿ ಬಂದು ಹೋಗುತ್ತಿತ್ತು.